ಗೋದಲಿಯ ಹಬ್ಬದಲ್ಲಿ ಮನೆಯ ನಾಯಿಗೂ ಒಂದು ನೆಮ್ಮದಿಯ ರಾತ್ರಿ ಇರಲಿ

ಸಂಪಾದಕರಿಗೆ,

ಮಾನ್ಯರೇ,

ಡಿಸೆಂಬರ್ ಬಂತೆಂದರೆ ಪತ್ರಿಕೆಗಳಲ್ಲಿ ಕ್ರಿಸ್‌ಮಸ್ ಚಿತ್ರಗಳು ಕಾಣತೊಡಗುತ್ತವೆ. ದೀಪಾಲಂಕಾರದ ಇಗರ್ಜಿ, ಮಾಲ್‌ನ ನಡುವೆ ನಿಲ್ಲಿಸಿದ ಎರಡಾಳೆತ್ತರದ ಮರ, ಕೆಂಪು ಟೊಪ್ಪಿ ಹಾಕಿಕೊಂಡ ಮಕ್ಕಳು, ಬೇಕರಿಯ ಗಾಜಿನ ಕಪಾಟಿನಲ್ಲಿ ಸಾಲಾಗಿ ಕೂತ ಕೇಕ್‌ಗಳು. ಇವುಗಳಲ್ಲಿ ತಪ್ಪೇನೂ ಇಲ್ಲ. ಆದರೆ ಹಬ್ಬವನ್ನು ಆಚರಿಸುವ ನಮ್ಮಂಥವರಿಗೆ ಕ್ರಿಸ್‌ಮಸ್ಸಿನ ಮುಕ್ಕಾಲು ಪಾಲು ನಡೆಯುವುದು ಮನೆಯೊಳಗೆ, ಅದರಲ್ಲೂ ಅಡುಗೆಮನೆಯಲ್ಲಿ ಮತ್ತು ಗೋದಲಿ, ಅಂದರೆ ಯೇಸು ಹುಟ್ಟಿದ ಹಟ್ಟಿಯ ಪುಟ್ಟ ಮಾದರಿ, ಕಟ್ಟುವ ಜಗಲಿಯ ಮೂಲೆಯಲ್ಲಿ. ಆ ಮನೆಯಲ್ಲಿ ನಮ್ಮ ಜೊತೆಗೇ ಬಾಳುವ ನಾಯಿ ಬೆಕ್ಕುಗಳ ಪಾಲಿಗೆ ಈ ಹಬ್ಬ ಹೇಗಿರುತ್ತದೆ ಎಂಬುದನ್ನು ಯಾರೂ ಬರೆದದ್ದನ್ನು ನಾನು ಕಂಡಿಲ್ಲ. ಅದನ್ನು ಹೇಳಿ, ಕೊನೆಗೆ ನಿಮ್ಮ ಪತ್ರಿಕೆಯಿಂದ ಒಂದು ಸಣ್ಣ ಉಪಕಾರವನ್ನು ಕೇಳಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾದರೆ ಕ್ಷಮಿಸಬೇಕು. ಮೂವತ್ತೆರಡು ವರ್ಷ ಶಾಲೆಯಲ್ಲಿ ಪಾಠ ಮಾಡಿದವಳಿಗೆ ಚುಟುಕಾಗಿ ಹೇಳುವುದು ಅಷ್ಟು ಸುಲಭವಲ್ಲ.

ನಮ್ಮದು ಮಂಗಳೂರಿನ ಹೊರವಲಯದ ಒಂದು ಹಳೆಯ ಹೆಂಚಿನ ಮನೆ. ಮನೆಯ ಮಾತು ಕೊಂಕಣಿ, ಬೀದಿಯ ಮಾತು ತುಳು, ಓದು ಬರಹವೆಲ್ಲ ಕನ್ನಡ. ಕ್ರಿಸ್‌ಮಸ್ಸಿಗೆ ನಾಲ್ಕು ಭಾನುವಾರ ಮುಂಚೆ ಆಗಮನ ಕಾಲ ಶುರುವಾಗುತ್ತದೆ, ಅದರ ಹಿಂದೆಯೇ ಎಣ್ಣೆಯ ಬಾಣಲೆಯೂ ಒಲೆಗೆ ಏರುತ್ತದೆ. ಹಬ್ಬಕ್ಕೆಂದು ಮಾಡುವ ಸಿಹಿ ಮತ್ತು ಕುರುಕಲು ತಿಂಡಿಗಳನ್ನೆಲ್ಲ ಒಟ್ಟಾಗಿ ನಾವು ಕುಸ್ವಾರ್ ಎನ್ನುತ್ತೇವೆ. ಎಳ್ಳು, ತೆಂಗಿನತುರಿ, ಸಕ್ಕರೆ, ಏಲಕ್ಕಿ, ಒಣದ್ರಾಕ್ಷಿಯ ಹೂರಣ ತುಂಬಿದ ಅರ್ಧಚಂದ್ರದಾಕಾರದ ನೆವ್ರಿ, ಅಕ್ಕಿಹಿಟ್ಟು ಮತ್ತು ತೆಂಗಿನಹಾಲಿನ ಗುಳಿಯೊ, ಶಂಕರಪೋಳಿಯ ಅಣ್ಣತಮ್ಮನಂತಿರುವ ತುಕ್ಡಿ, ಎಲ್ಲರಿಗೂ ಗೊತ್ತಿರುವ ಚಕ್ಕುಲಿ, ಎಳ್ಳಿನ ಉಂಡೆ, ಇವೆಲ್ಲ ಆ ಹೆಸರಿನಡಿ ಬರುತ್ತವೆ. ಕಿಡಿಯೊ ಎಂದರೆ ಕೊಂಕಣಿಯಲ್ಲಿ ಹುಳುಗಳು ಎಂದರ್ಥ. ಹಿಟ್ಟಿನ ಸಣ್ಣ ಗೋಲಿಯನ್ನು ಫೋರ್ಕಿನ ಬೆನ್ನಿಗೆ ಒತ್ತಿ ಹೆಬ್ಬೆರಳಿನಿಂದ ಸುರುಳಿ ಸುತ್ತಿದರೆ ಮೈಮೇಲೆ ಗೆರೆಗಳಿರುವ ಪುಟ್ಟ ಕಂಬಳಿಹುಳುವಿನಂಥದೊಂದು ಸಿದ್ಧವಾಗುತ್ತದೆ, ಅದನ್ನು ಕರಿದು ಸಕ್ಕರೆ ಪಾಕದಲ್ಲಿ ಹೊರಳಿಸಬೇಕು. ಎರಡು ಕಿಲೋ ಹಿಟ್ಟಿನ ಕಿಡಿಯೊ ಒಬ್ಬರಿಂದ ಆಗುವ ಕೆಲಸವಲ್ಲ. ಊಟದ ಮೇಜಿನ ಮೇಲೆ ಹಳೆಯ ದಿನಪತ್ರಿಕೆ ಹಾಸಿ (ನಿಮ್ಮದೇ ಪತ್ರಿಕೆ, ಬೇಸರಿಸಬೇಡಿ), ಅತ್ತೆ, ಸೊಸೆ, ಮೊಮ್ಮಗ, ರಜೆಯಲ್ಲಿ ಬಂದ ನಾದಿನಿಯ ಮಕ್ಕಳು ಎಲ್ಲರೂ ಕೈಗೊಂದು ಫೋರ್ಕ್ ಹಿಡಿದು ಕೂತಾಗ ವರ್ಷವಿಡೀ ಹೇಳದೆ ಉಳಿದ ಮಾತುಗಳೆಲ್ಲ ಅಲ್ಲಿ ಹೊರಬರುತ್ತವೆ. ಯಾರ ಮನೆಯ ಜಾಗದ ತಕರಾರು ಎಲ್ಲಿಗೆ ಬಂತು, ಯಾರ ಮಗಳಿಗೆ ಎಲ್ಲಿ ಸಂಬಂಧ ನೋಡಿದ್ದಾರೆ ಎಂಬ ಸುದ್ದಿ ನನಗೆ ತಲುಪುವುದು ಕಿಡಿಯೊ ಮೇಜಿನಿಂದಲೇ.

ಕೊಕ್ಕಿಸಾಂ ಮಾಡುವಾಗ ಮಾತ್ರ ಯಾರೂ ಮಾತಾಡುವಂತಿಲ್ಲ. ಗುಲಾಬಿ ಹೂವಿನ ಆಕಾರದ ಈ ಗರಿಗರಿ ತಿಂಡಿಗೆ ಉದ್ದ ಹಿಡಿಯ ಅಚ್ಚು ಇರುತ್ತದೆ. ನಮ್ಮದು ಅತ್ತೆಯವರಿಗೆ ಅವರ ತಾಯಿ ಕೊಟ್ಟದ್ದು. ಮೂರು ತಲೆಮಾರಿನ ಎಣ್ಣೆ ಕುಡಿದು ಕರ್ರಗೆ ಹೊಳೆಯುತ್ತದೆ. ಅಚ್ಚನ್ನು ಕುದಿಯುವ ಎಣ್ಣೆಯಲ್ಲಿ ಚೆನ್ನಾಗಿ ಕಾಯಿಸಿ, ಹಿಟ್ಟಿನಲ್ಲಿ ಮುಕ್ಕಾಲು ಮಟ್ಟಕ್ಕೆ ಮಾತ್ರ ಅದ್ದಿ, ಮತ್ತೆ ಎಣ್ಣೆಗೆ ಇಳಿಸಿ, ಮೂರು ಎಣಿಸಿ ಮೆಲ್ಲಗೆ ಕೊಡವಬೇಕು. ಪೂರ್ತಿ ಮುಳುಗಿಸಿದರೆ ಹಿಟ್ಟು ಅಚ್ಚಿನ ನೆತ್ತಿಯನ್ನೂ ಹತ್ತಿ ಹಿಡಿದುಕೊಂಡು ಏನು ಮಾಡಿದರೂ ಬಿಡುವುದಿಲ್ಲ. ಅಚ್ಚು ಕಾದಿರದಿದ್ದರೆ ಹಿಟ್ಟು ಹತ್ತುವುದೇ ಇಲ್ಲ. ಎಷ್ಟು ಪಳಗಿದ ಕೈಯಾದರೂ ಮೊದಲ ಎರಡು ಮೂರು ಹಾಳಾಗುವುದು ವಾಡಿಕೆ. ಆ ಮುರಿದ ಚೂರುಗಳು ಹಿಂದೆಲ್ಲ ಅಡುಗೆಮನೆಯ ಹೊಸ್ತಿಲಾಚೆ ಕಾಲು ಚಾಚಿ ಮಲಗಿರುತ್ತಿದ್ದ ನಮ್ಮ ನಾಯಿ ಟೈಗರ್‌ನ ಪಾಲಿಗೆ ಹೋಗುತ್ತಿದ್ದವು. ಟೈಗರ್ ಹೆಸರಿಗೆ ಹುಲಿ, ಜಾತಿಗೆ ಅಪ್ಪಟ ಊರ ನಾಯಿ, ಧೈರ್ಯಕ್ಕೆ ಗುಬ್ಬಿ. ಈಗ ಅವನಿಗೆ ಆ ಪಾಲು ಇಲ್ಲ. ಏಕೆ ಎಂಬುದನ್ನು ಮುಂದೆ ಹೇಳುತ್ತೇನೆ.

ಡಬ್ಬಗಳು ತುಂಬಿದ ಮೇಲೆ ಕುಸ್ವಾರಿನ ತಟ್ಟೆಗಳು ನೆರೆಮನೆಗಳಿಗೆ ಹೊರಡುತ್ತವೆ. ಪಕ್ಕದ ಮನೆಯ ಅಕ್ಕ ಚೌತಿಗೆ ಕಳಿಸಿದ ಕಡುಬಿಗೆ, ಎದುರು ಮನೆಯ ಬ್ಯಾರಿ ಕುಟುಂಬದವರು ಈದ್‌ಗೆ ಕಳಿಸಿದ ಬಿರಿಯಾನಿಗೆ ಇದು ಉತ್ತರ. ತಟ್ಟೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂದು ಅಕ್ಕ ಅದರಲ್ಲಿ ಒಂದು ಮುಷ್ಟಿ ಸಕ್ಕರೆ ಹಾಕಿ, "ಬಾಯೀ, ನಿಮ್ಮ ನೆವ್ರಿ ಈ ಸಲ ಭಾರೀ ಲಾಯ್ಕಾಗಿದೆ" ಎಂದು ಗೇಟಿನಿಂದಲೇ ಕೂಗುತ್ತಾರೆ. ಇಪ್ಪತ್ತಮೂರರ ಹೊತ್ತಿಗೆ ಕೊಲ್ಲಿ ದೇಶದಲ್ಲಿರುವ ಹುಡುಗರು ಒಬ್ಬೊಬ್ಬರಾಗಿ ಬಂದಿಳಿಯುತ್ತಾರೆ. ಕರಾವಳಿಯ ಎಷ್ಟೋ ಮನೆಗಳಲ್ಲಿ ಹಬ್ಬ ನಿಜಕ್ಕೂ ಶುರುವಾಗುವುದು ಆ ಸೂಟ್‌ಕೇಸಿನ ಜಿಪ್ ಎಳೆಯುವ ಸದ್ದಿನೊಂದಿಗೆ. ಮೇಲೊಂದು ಕಂಬಳಿ, ಅದರಡಿಯಲ್ಲಿ ಖರ್ಜೂರ, ಒಣಹಣ್ಣು, ಕಿಲೋಗಟ್ಟಲೆ ಚಾಕೊಲೇಟು. ಸೂಟ್‌ಕೇಸು ನೆಲದ ಮೇಲೆ ತೆರೆದಿರುತ್ತದೆ, ನಾಯಿಯ ಮೂಗೂ ಅದೇ ಎತ್ತರದಲ್ಲಿರುತ್ತದೆ.

ಇನ್ನು ಗೋದಲಿ. ಪತ್ರಿಕೆಗಳು ಇದನ್ನು ಒಮ್ಮೊಮ್ಮೆ ಕ್ರಿಬ್ ಎಂದು ಬರೆಯುವುದನ್ನು ಕಂಡಾಗ ನನಗೆ ಸಣ್ಣದೊಂದು ಕಸಿವಿಸಿಯಾಗುತ್ತದೆ, ಏಕೆಂದರೆ ಗೋದಲಿ ಎಂಬುದು ಅಚ್ಚುಕಟ್ಟಾದ ಕನ್ನಡ ಮಾತು. ಹಟ್ಟಿಯಲ್ಲಿ ದನಗಳಿಗೆ ಹುಲ್ಲು ಹಾಕುವ ಮೇವಿನ ತೊಟ್ಟಿಗೆ ಆ ಹೆಸರು. ಲೂಕನ ಸುವಾರ್ತೆಯಲ್ಲಿ, ಛತ್ರದಲ್ಲಿ ಸ್ಥಳವಿಲ್ಲದೆ ಹೋದದ್ದರಿಂದ ಮರಿಯಳು ಮಗುವನ್ನು ಬಟ್ಟೆಯಲ್ಲಿ ಸುತ್ತಿ ಮಲಗಿಸಿದ್ದು ಇದರಲ್ಲಿಯೇ. ಅಂದರೆ ನಾವು ಕೊಂಡಾಡುವ ಕೂಸಿಗೆ ಮೊದಲ ತೊಟ್ಟಿಲನ್ನು ಬಿಟ್ಟುಕೊಟ್ಟದ್ದು ಪ್ರಾಣಿಗಳು. ಎತ್ತು ಮತ್ತು ಕತ್ತೆ ಪಕ್ಕದಲ್ಲಿ ನಿಂತಿದ್ದವೆಂದು ಸುವಾರ್ತೆ ಹೇಳುವುದಿಲ್ಲ. ಎತ್ತು ತನ್ನ ಯಜಮಾನನನ್ನು ಬಲ್ಲದು, ಕತ್ತೆ ತನ್ನ ಒಡೆಯನ ಗೋದಲಿಯನ್ನು ಬಲ್ಲದು ಎಂಬ ಯೆಶಾಯ ಪ್ರವಾದಿಯ ಮಾತಿನಿಂದ ಅವು ನಂತರದ ಸಂಪ್ರದಾಯದೊಳಗೆ ನಡೆದು ಬಂದವು. 1223ರ ಕ್ರಿಸ್‌ಮಸ್ ರಾತ್ರಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸ್ ಹುಲ್ಲು ತುಂಬಿದ ಗೋದಲಿಯನ್ನು ಇರಿಸಿ, ನಿಜವಾದ ಎತ್ತನ್ನೂ ಕತ್ತೆಯನ್ನೂ ತಂದು ನಿಲ್ಲಿಸಿ, ಊರವರ ಮುಂದೆ ಆ ದೃಶ್ಯವನ್ನು ಮರುಸೃಷ್ಟಿಸಿದರು. ಅವರ ಜೀವನವನ್ನು ಮೊದಲು ಬರೆದ, ಅವರದೇ ಸಂಘದ ಸಂನ್ಯಾಸಿಯೊಬ್ಬರು ಇನ್ನೂ ಎರಡು ಸಂಗತಿಗಳನ್ನು ದಾಖಲಿಸಿದ್ದಾರೆ. ಆ ಗೋದಲಿಯ ಹುಲ್ಲನ್ನು ಜೋಪಾನವಾಗಿ ಎತ್ತಿಟ್ಟಿದ್ದರಂತೆ, ಸುತ್ತಮುತ್ತಲಿನ ಕಾಯಿಲೆಯ ಜಾನುವಾರುಗಳು ಅದನ್ನು ತಿಂದು ಗುಣವಾದವಂತೆ. ಕ್ರಿಸ್‌ಮಸ್ ದಿನ ಎತ್ತು ಕತ್ತೆಗಳಿಗೆ ಎಂದಿಗಿಂತ ಹೆಚ್ಚು ಹುಲ್ಲು, ಕಾಳು ಸಿಗಬೇಕೆಂದೂ, ಚಕ್ರವರ್ತಿಯ ಬಳಿ ಮಾತಾಡುವ ಅವಕಾಶ ದೊರೆತರೆ ದಾರಿಗಳಲ್ಲಿ ಹಕ್ಕಿಗಳಿಗಾಗಿ ಧಾನ್ಯ ಚೆಲ್ಲಬೇಕೆಂಬ ಕಾನೂನು ಮಾಡಲು ಕೇಳಿಕೊಳ್ಳುತ್ತೇನೆಂದೂ ಫ್ರಾನ್ಸಿಸ್ ಹೇಳುತ್ತಿದ್ದರಂತೆ.

ನಮ್ಮ ಮನೆಯ ಗೋದಲಿ ಅಷ್ಟು ದೊಡ್ಡದಲ್ಲ. ಹಿಂದೆ ನನ್ನ ಮಾವನವರು ಬಿದಿರನ್ನು ಸೀಳಿ, ದೀಪಾವಳಿಗೆ ಗೂಡುದೀಪ ಕಟ್ಟುವ ನೆರೆಯವರಿಂದ ಉಳಿದ ಬಣ್ಣದ ಕಾಗದ ತಂದು ನಕ್ಷತ್ರ ಮಾಡುತ್ತಿದ್ದರು. ಈಗ ಪ್ಲಾಸ್ಟಿಕ್ಕಿನ ನಕ್ಷತ್ರ ಬಂದಿದೆ, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆದರೆ ಹಸಿರು ಮಾತ್ರ ಇಂದಿಗೂ ನಾವೇ ಬೆಳೆದದ್ದು. ಡಿಸೆಂಬರಿನ ಎರಡನೆಯ ವಾರ ಅಗಲ ತಟ್ಟೆಯಲ್ಲಿ ಮಣ್ಣು ಹರಡಿ ರಾಗಿ ಬಿತ್ತಿ, ದಿನಾ ಕೈಯಲ್ಲಿ ನೀರು ಚಿಮುಕಿಸಿದರೆ ಹಬ್ಬದ ಹೊತ್ತಿಗೆ ಬೆರಳುದ್ದದ ಗದ್ದೆ ಸಿದ್ಧ. ಗದ್ದೆಯ ನಡುವೆ ಕನ್ನಡಿಯ ಚೂರಿನ ಕೆರೆ, ಕೆರೆಯ ದಡದಲ್ಲಿ ಬಾತುಕೋಳಿ, ಹಿಂದೆ ಬೈಹುಲ್ಲಿನ ಹಟ್ಟಿ. ನಮ್ಮ ಬೆಕ್ಕು ಚಿನ್ನಿಗೆ ಈ ಹಟ್ಟಿ ತನಗಾಗಿಯೇ ಕಟ್ಟಿದ್ದೆಂಬ ದೃಢವಾದ ನಂಬಿಕೆ ಇದೆ. ಕಳೆದ ವರ್ಷ ಇಪ್ಪತ್ತನಾಲ್ಕರ ಸಂಜೆ ಇಗರ್ಜಿಯ ಪ್ರಾರ್ಥನೆಗೆ, ಅಂದರೆ ಬಲಿಪೂಜೆಗೆ, ಹೊರಡುವ ಮುಂಚೆ ದೀಪ ಹಾಕಲು ಬಗ್ಗಿ ನೋಡಿದರೆ ಜೋಸೆಫರು ಕೆರೆಯಲ್ಲಿ ಅಂಗಾತ ಬಿದ್ದಿದ್ದಾರೆ, ಕುರುಬರಿಬ್ಬರು ರಾಗಿ ಪೈರಿನೊಳಗೆ ತಲೆಮರೆಸಿಕೊಂಡಿದ್ದಾರೆ, ಬಾಲಯೇಸುವಿಗೆಂದು ಖಾಲಿ ಇಟ್ಟಿದ್ದ ಜಾಗದಲ್ಲಿ ಚಿನ್ನಿ ಬಾಲವನ್ನು ಮೂಗಿಗೆ ಸುತ್ತಿಕೊಂಡು ನಿದ್ದೆ ಹೋಗಿದ್ದಾಳೆ. ಮೊಮ್ಮಗ ಎಬ್ಬಿಸಲು ಹೋದಾಗ ನಮ್ಮ ಅತ್ತೆ, ತೊಂಬತ್ತಕ್ಕೆ ಹತ್ತಿರವಾದವರು, "ಇರಲಿ ಬಿಡು ಪುತಾ, ಅಂದೂ ಅಲ್ಲಿ ಇದ್ದದ್ದು ಅವುಗಳೇ ಅಲ್ಲವೇ" ಎಂದರು. ಬಲಿಪೂಜೆ ಮುಗಿಸಿ ಬಂದ ಮೇಲೆಯೇ ಕೂಸಿಗೆ ಜಾಗ ಸಿಕ್ಕಿತು.

ಈಗ ಟೈಗರ್‌ನ ವಿಷಯ. ಮೂರು ವರ್ಷಗಳ ಹಿಂದಿನ ಕ್ರಿಸ್‌ಮಸ್ ರಾತ್ರಿ. ಮನೆ ತುಂಬ ನೆಂಟರು, ಮಧ್ಯಾಹ್ನದ ಊಟವೇ ನಾಲ್ಕು ಗಂಟೆಯವರೆಗೆ ನಡೆದಿತ್ತು. ಸಂಜೆ ಕೇಕ್ ಕತ್ತರಿಸಿ ಹಂಚುವಾಗ ನೆಂಟರ ಪುಟ್ಟ ಹುಡುಗಿಯೊಬ್ಬಳು ತನ್ನ ತಟ್ಟೆಯಲ್ಲಿದ್ದ ದೊಡ್ಡ ತುಂಡನ್ನು ಜಗಲಿಯ ಮೆಟ್ಟಿಲಲ್ಲಿ ಕೂತು ಟೈಗರ್‌ಗೆ ತಿನ್ನಿಸಿದಳು. ಅದು ರಮ್ಮಿನಲ್ಲಿ ಒಂದು ತಿಂಗಳು ನೆನೆಸಿದ ಒಣದ್ರಾಕ್ಷಿಯ ಪ್ಲಮ್ ಕೇಕ್. ಮಗುವಿನ ತಪ್ಪೇನೂ ಅಲ್ಲ, ದೊಡ್ಡವರೇ "ನೋಡು, ಹೇಗೆ ತಿನ್ನುತ್ತಾನೆ" ಎಂದು ಫೋಟೊ ತೆಗೆದರು, ಅವರಲ್ಲಿ ನಾನೂ ಒಬ್ಬಳು. ದ್ರಾಕ್ಷಿ, ಅದರಲ್ಲೂ ಒಣದ್ರಾಕ್ಷಿ, ನಾಯಿಯ ಮೂತ್ರಪಿಂಡಕ್ಕೆ ವಿಷವಾಗಬಲ್ಲದು ಎಂಬುದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ರಾತ್ರಿ ಹತ್ತರ ನಂತರ ಅವನು ವಾಂತಿ ಮಾಡತೊಡಗಿದ. ಒಮ್ಮೆ, ಎರಡು ಸಲ, ಆಮೇಲೆ ಲೆಕ್ಕವಿಲ್ಲ. ಹನ್ನೆರಡರ ಹೊತ್ತಿಗೆ ಮಾವಿನ ಮರದ ಬುಡದಲ್ಲಿ ಹೋಗಿ ಮಲಗಿದವನು ಹೆಸರು ಕರೆದರೆ ಬಾಲವನ್ನಷ್ಟೇ ಒಮ್ಮೆ ನೆಲಕ್ಕೆ ಬಡಿದ.

ನಮ್ಮ ಬಳಿ ಇದ್ದ ಪಶುವೈದ್ಯರ ನಂಬರುಗಳಿಗೆಲ್ಲ ಫೋನ್ ಮಾಡಿದೆವು. ಒಂದು ಕಡೆ ಫೋನ್ ಬಂದ್ ಆಗಿತ್ತು, ಇನ್ನೊಂದು ಕಡೆ ಯಾರೂ ಎತ್ತಲಿಲ್ಲ, ಮತ್ತೊಂದು ಕಡೆಯವರು ಊರಲ್ಲಿಲ್ಲ, ಇಪ್ಪತ್ತೇಳಕ್ಕೆ ಬನ್ನಿ ಎಂದರು. ಯಾರ ಮೇಲೂ ನನ್ನ ದೂರಿಲ್ಲ. ಅದು ಸಾರ್ವತ್ರಿಕ ರಜೆಯ ರಾತ್ರಿ, ವೈದ್ಯರಿಗೂ ಮನೆಯಿದೆ, ಹಬ್ಬವಿದೆ. ಕೊನೆಗೆ ಮಗನ ಸ್ನೇಹಿತನ ಮೂಲಕ ಸಿಕ್ಕ ಒಬ್ಬ ವೈದ್ಯರು ಬೆಳಗಿನ ಜಾವ ಎರಡೂವರೆಗೆ ಬಾಗಿಲು ತೆರೆದು, ನಾಯಿಯನ್ನು ಮೇಜಿನ ಮೇಲೆ ಮಲಗಿಸಿಕೊಂಡು, ಡ್ರಿಪ್ ಹಾಕಿದರು. ತಿಂದ ಎರಡು ಗಂಟೆಯೊಳಗೆ ಕರೆತಂದಿದ್ದರೆ ವಾಂತಿ ಮಾಡಿಸಿ ಬಹುಪಾಲು ಹೊರಹಾಕಬಹುದಿತ್ತು, ಈಗ ಮೂತ್ರಪಿಂಡವನ್ನು ಕಾಯುವುದಷ್ಟೇ ಉಳಿದಿರುವ ದಾರಿ ಎಂದು ಅವರು ಹೇಳಿದರು. ಎಷ್ಟು ತಿಂದರೆ ಅಪಾಯ ಎಂದು ಕೇಳಿದ್ದಕ್ಕೆ, ಅದಕ್ಕೆ ನಿಶ್ಚಿತ ಲೆಕ್ಕವಿಲ್ಲ, ಒಂದು ನಾಯಿ ಹಿಡಿ ತುಂಬ ತಿಂದು ಓಡಾಡಿಕೊಂಡಿರಬಹುದು, ಇನ್ನೊಂದು ನಾಲ್ಕೇ ಕಾಳಿಗೆ ಮಲಗಬಹುದು, ಆದ್ದರಿಂದ ಒಂದೂ ಕೊಡಬಾರದು ಎಂದರು. ಮೂರು ದಿನ ಡ್ರಿಪ್, ಎರಡು ಸಲ ರಕ್ತಪರೀಕ್ಷೆ. ಟೈಗರ್ ಬದುಕಿದ. ಆ ಮೂರು ದಿನ ಮನೆಯಲ್ಲಿ ಕುಸ್ವಾರಿನ ಡಬ್ಬದ ಮುಚ್ಚಳ ಯಾರೂ ತೆರೆಯಲಿಲ್ಲ, ಕೊಲ್ಲಿಯಿಂದ ಬಂದಿದ್ದ ಕಿರಿಮಗ ತನ್ನ ಇಪ್ಪತ್ತು ದಿನದ ರಜೆಯಲ್ಲಿ ಮೂರನ್ನು ಆಸ್ಪತ್ರೆಯ ಬೆಂಚಿನಲ್ಲಿ ಕಳೆದ.

ಅಂದಿನಿಂದ ನಾನು ನಮ್ಮ ಹಬ್ಬದ ಅಡುಗೆಮನೆಯನ್ನು ನಾಯಿಯ ಕಣ್ಣಿನಿಂದ ನೋಡಲು ಕಲಿತಿದ್ದೇನೆ, ನೋಡಿದಷ್ಟೂ ಗಾಬರಿಯಾಗುತ್ತದೆ. ಸೂಟ್‌ಕೇಸಿನ ಚಾಕೊಲೇಟಿನಲ್ಲಿರುವ ಥಿಯೊಬ್ರೊಮಿನ್ ಎಂಬ ಅಂಶವನ್ನು ನಾವು ಬೇಗ ಅರಗಿಸಿಕೊಳ್ಳುತ್ತೇವೆ, ನಾಯಿಯ ದೇಹಕ್ಕೆ ಅದು ಸಾಧ್ಯವಾಗದೆ ಹೃದಯಕ್ಕೂ ನರಗಳಿಗೂ ತೊಂದರೆ ಕೊಡುತ್ತದೆ. ಚಾಕೊಲೇಟು ಕಪ್ಪಗೆ, ಕಹಿಯಾಗಿದ್ದಷ್ಟೂ ಅಪಾಯ ಹೆಚ್ಚು. ಈಚೆಗೆ ಸಕ್ಕರೆ ಕಾಯಿಲೆಯವರಿಗೆಂದು ಬರುವ ಸಕ್ಕರೆರಹಿತ ಸಿಹಿಗಳಲ್ಲಿ ಕೆಲವಕ್ಕೆ ಹಾಕುವ ಕ್ಸೈಲಿಟಾಲ್ ಇನ್ನೂ ಕೆಟ್ಟದ್ದು. ಬಫಾತ್ ಎಂಬ ಹಂದಿಮಾಂಸದ ಮಸಾಲೆ ಸಾರಿನಲ್ಲಿ ಸುರಿದ ಈರುಳ್ಳಿ ಬೆಳ್ಳುಳ್ಳಿಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಬೆಕ್ಕಿಗಂತೂ ಇನ್ನೂ ಕಡಿಮೆ ಪ್ರಮಾಣ ಸಾಕು. ಅದರ ಕೊಬ್ಬಿನಿಂದ ಮೇದೋಜೀರಕ ಗ್ರಂಥಿ ಊದಿಕೊಳ್ಳಬಹುದು. ಬೇಯಿಸಿದ ಕೋಳಿ ಮೂಳೆ ಸೂಜಿಯಂತೆ ಸೀಳಿ ಗಂಟಲಿಗೋ ಕರುಳಿಗೋ ಚುಚ್ಚುತ್ತದೆ. ನಾಯಿ ಎಂದರೆ ಮೂಳೆ ಎಂದೇ ನಾವೆಲ್ಲ ಕಲಿತು ಬೆಳೆದವರಾದ್ದರಿಂದ ಈ ಒಂದನ್ನು ನೆಂಟರಿಗೆ ಒಪ್ಪಿಸುವುದು ಬಹಳ ಕಷ್ಟ. ಇಡ್ಲಿಯಂತೆ ಹಬೆಯಲ್ಲಿ ಬೇಯಿಸುವ ಸನ್ನದ ಹಿಟ್ಟಿನ ಬಗ್ಗೆ ಹೇಳಿದರಂತೂ ಯಾರೂ ನಂಬುವುದಿಲ್ಲ. ಶೇಂದಿಯನ್ನೋ ಯೀಸ್ಟನ್ನೋ ಹಾಕಿ ಇಪ್ಪತ್ತನಾಲ್ಕರ ರಾತ್ರಿ ಉಬ್ಬಲು ಇಟ್ಟ ಹಸಿ ಹಿಟ್ಟಿಗೆ ನಾಯಿ ಬಾಯಿ ಹಾಕಿದರೆ ಅದು ಹೊಟ್ಟೆಯ ಕಾವಿನಲ್ಲಿ ಇನ್ನಷ್ಟು ಉಬ್ಬುತ್ತದೆ, ಹುಳಿಯುವಾಗ ಹುಟ್ಟುವ ಮದ್ಯಸಾರ ನೇರ ರಕ್ತಕ್ಕೆ ಸೇರುತ್ತದೆ. ಚಿನ್ನಿಯ ಮಟ್ಟಿಗೆ ಶತ್ರು ತಿಂಡಿಯಲ್ಲ, ಮರಕ್ಕೆ ಸುತ್ತುವ ಮಿರುಗುವ ಜರಿಹಗ್ಗ. ಆಡುತ್ತ ಆಡುತ್ತ ನುಂಗಿದ ದಾರ ಕರುಳಿನಲ್ಲಿ ಸಿಕ್ಕಿಕೊಂಡರೆ ಶಸ್ತ್ರಚಿಕಿತ್ಸೆಯೇ ಗತಿ. ನಾವು ಈಗ ಬಟ್ಟೆಯ ಚೂರುಗಳ ತೋರಣವನ್ನಷ್ಟೇ ಕಟ್ಟುತ್ತೇವೆ.

ಹಾಗೆಂದು ಅವುಗಳಿಗೆ ಹಬ್ಬವೇ ಬೇಡವೆಂದಲ್ಲ. ಮಸಾಲೆ ಬೀಳುವ ಮುಂಚೆಯೇ ಎರಡು ಹಿಡಿ ಕೋಳಿಮಾಂಸವನ್ನು ಮೂಳೆ ಬಿಡಿಸಿ ಬರೀ ನೀರಿನಲ್ಲಿ ಬೇಯಿಸಿ, ಕುಚ್ಚಲಕ್ಕಿ ಅನ್ನಕ್ಕೆ ಕಲಸಿ, ಉಪ್ಪು ಹಾಕದೆ ಬೇರೆ ಪಾತ್ರೆಯಲ್ಲಿ ಮುಚ್ಚಿಡುತ್ತೇನೆ. ಎಲ್ಲರೂ ಊಟಕ್ಕೆ ಕೂತ ಮೇಲೆ ಅವರಿಬ್ಬರದೂ ಬಡಿಸಿದರೆ ಮೇಜಿನಡಿ ಬಂದು ಕಾಡುವುದು ನಿಲ್ಲುತ್ತದೆ. ಚೆನ್ನಾಗಿ ಬೆಂದ ಸನ್ನದ ಒಂದು ಸಣ್ಣ ತುಂಡು ಟೈಗರ್‌ಗೆ ಉಂಟು. ನೆಂಟರಿಗೆ ಬಾಗಿಲಲ್ಲಿಯೇ ಹೇಳುತ್ತೇವೆ, ಅದು ಒರಟಾಗಿ ಕಂಡರೂ ಸರಿಯೇ: ಮಕ್ಕಳಿಗೆ ಏನು ಬೇಕಾದರೂ ಕೊಡಿ, ನಾಯಿಗೆ ಏನೂ ಕೊಡಬೇಡಿ. ಹಂದಿಯನ್ನೂ ಕೋಳಿಯನ್ನೂ ಬಾಣಲೆಗೆ ಹಾಕಿ ನಾಯಿಗಾಗಿ ಕಣ್ಣೀರು ಹಾಕುವುದೇ ಎಂದು ಓದುಗರಲ್ಲಿ ಕೆಲವರು ನಗಬಹುದು. ನಗು ನ್ಯಾಯವಾದದ್ದೇ, ನನ್ನ ಬಳಿ ಅದಕ್ಕೆ ಒಪ್ಪುವ ಉತ್ತರವಿಲ್ಲ. ನಮ್ಮನ್ನು ನಂಬಿ ಹೊಸ್ತಿಲಲ್ಲಿ ಮಲಗಿದ ಜೀವಕ್ಕೆ ನಾವು ಕೈಯಾರೆ ವಿಷ ಕೊಡದಿರುವ ಮಟ್ಟಿಗಾದರೂ ಎಚ್ಚರವಿರಲಿ ಎಂಬುದಷ್ಟೇ ನನ್ನ ಮಾತು. ಹಬ್ಬದ ಉಡುಗೊರೆಯೆಂದು ಮಕ್ಕಳಿಗೆ ನಾಯಿಮರಿ ತಂದುಕೊಟ್ಟು, ರಜೆ ಮುಗಿಸಿ ವಿಮಾನ ಹತ್ತುವಾಗ ಅದನ್ನು ಅಜ್ಜ ಅಜ್ಜಿಯರ ತಲೆಗೆ ಕಟ್ಟಿ ಹೋಗುವವರ ಬಗ್ಗೆ ಬೇರೆಯೇ ಪತ್ರ ಬೇಕಾದೀತು.

ಉಳಿದದ್ದು ಪಟಾಕಿ. ಮೊದಲು ನಮ್ಮ ಭಾಗದಲ್ಲಿ ಕ್ರಿಸ್‌ಮಸ್ಸಿಗೆ ಮಕ್ಕಳು ಸುರುಸುರು ಕಡ್ಡಿ ಹಚ್ಚುತ್ತಿದ್ದರು, ಹೆಚ್ಚೆಂದರೆ ಒಂದೆರಡು ನೆಲಚಕ್ರ. ಈಗ ಗರ್ನಾಲಿನ ಸದ್ದಿಗೆ ಹೆಂಚು ನಡುಗುತ್ತದೆ. ಸುಪ್ರೀಂ ಕೋರ್ಟ್ 2018ರ ಅಕ್ಟೋಬರಿನಲ್ಲಿ ನೀಡಿದ ಆದೇಶದಲ್ಲಿ ಕ್ರಿಸ್‌ಮಸ್ ಮತ್ತು ಹೊಸವರ್ಷದ ಮುನ್ನಾರಾತ್ರಿ 11.55ರಿಂದ 12.30ರವರೆಗೆ, ಅಂದರೆ ಮೂವತ್ತೈದು ನಿಮಿಷ ಮಾತ್ರ ಪಟಾಕಿ ಹಚ್ಚಬಹುದೆಂದು ಹೇಳಿದೆ. ಆ ಮೂವತ್ತೈದು ನಿಮಿಷವನ್ನು ನಾವು ಹೇಗೋ ಸಹಿಸಿಕೊಳ್ಳಬಲ್ಲೆವು, ಏಕೆಂದರೆ ಅದಕ್ಕೆ ಆರಂಭ ಮತ್ತು ಅಂತ್ಯವಿದೆ. ಆದರೆ ಸದ್ದು ಏಳಕ್ಕೇ ಶುರುವಾಗಿ, ನಿಂತಿತೆಂದುಕೊಂಡಾಗ ಮತ್ತೆ ಸಿಡಿದು, ಎರಡು ಗಂಟೆಯವರೆಗೆ ಎಳೆದಾಡಿದರೆ ನಾಯಿಗೆ ಯಾವ ಸಮಾಧಾನವನ್ನು ಹೇಳುವುದು? ಮನುಷ್ಯರ ಕಿವಿಗೆ ಕೇಳಿಸುವುದಕ್ಕಿಂತ ಎರಡು ಪಟ್ಟು ಹೆಚ್ಚಿನ ಕಂಪನದ ಸದ್ದುಗಳೂ ನಾಯಿಗೆ ಕೇಳಿಸುತ್ತವೆ. ಆ ರಾತ್ರಿ ಟೈಗರ್ ಸ್ನಾನದ ಮನೆಯ ಹಂಡೆಯ ಹಿಂದೆ, ಬೂದಿಯ ಗುಡ್ಡೆಯಲ್ಲಿ ಮುದುಡಿ ಕೂತು ಹಲ್ಲು ಕಟಕಟ ಅನ್ನಿಸುತ್ತಾನೆ. ಯುರೋಪಿನ ಹಳ್ಳಿಗಳಲ್ಲಿ ಕ್ರಿಸ್‌ಮಸ್ ನಡುರಾತ್ರಿ ಪ್ರಾಣಿಗಳಿಗೆ ಮಾತು ಬರುತ್ತದೆಂಬ ಹಳೆಯ ನಂಬಿಕೆಯೊಂದಿದೆ. ನಮ್ಮವನಿಗೆ ಬಂದರೆ ಮೊದಲು ಏನು ಕೇಳುತ್ತಾನೆಂದು ನನಗೆ ಗೊತ್ತು.

ನಾವು ಮಾಡಿಕೊಂಡ ಏರ್ಪಾಡು ಸರಳವಾದದ್ದು. ಇಪ್ಪತ್ತನಾಲ್ಕರಂದು ಕತ್ತಲಾಗುವ ಮುಂಚೆಯೇ ಅವನನ್ನು ಸುತ್ತಾಡಿಸಿ ತಂದು, ಕೊರಳಪಟ್ಟಿಗೆ ನಮ್ಮ ಫೋನ್ ನಂಬರು ಕೆತ್ತಿಸಿದ ಬಿಲ್ಲೆ ಸಿಕ್ಕಿಸಿ, ಹಿಂದಿನ ಕೋಣೆಯ ಕಿಟಕಿಗಳನ್ನು ಮುಚ್ಚಿ, ಫ್ಯಾನ್ ಮತ್ತು ರೇಡಿಯೊ ಹಾಕಿ, ನನ್ನದೊಂದು ಹಳೆಯ ಸೀರೆಯನ್ನು ಹಾಸಿ ಮಲಗಿಸುತ್ತೇವೆ. ಅವನನ್ನು ಒಂಟಿಯಾಗಿ ಬಿಡುವುದಿಲ್ಲ. ಕೆಲವರು ಸಂಜೆಯ ಬಲಿಪೂಜೆಗೆ ಹೋದರೆ ಉಳಿದವರು ಇಪ್ಪತ್ತೈದರ ಬೆಳಗಿನ ಪೂಜೆಗೆ ಹೋಗುತ್ತೇವೆ. ಗೇಟು ಹಾರಿ ಓಡಿದ ನಾಯಿಯನ್ನು ಹುಡುಕಿಕೊಂಡು ಇಪ್ಪತ್ತಾರರಂದು ಬೀದಿ ಬೀದಿ ತಿರುಗುವವರನ್ನು ಪ್ರತಿ ವರ್ಷ ನೋಡುತ್ತೇನೆ. ಅವರ ಕೈಯಲ್ಲಿ ಮೊಬೈಲು, ಮೊಬೈಲಿನಲ್ಲಿ ಹಬ್ಬದ ದಿನ ಕೆಂಪು ರಿಬ್ಬನ್ ಕಟ್ಟಿ ತೆಗೆದ ಫೋಟೊ.

ಸಂತ ಫ್ರಾನ್ಸಿಸರು ಹಕ್ಕಿಗಳ ಪರವಾಗಿ ಚಕ್ರವರ್ತಿಯನ್ನು ಕಾಣಬೇಕೆಂದಿದ್ದರು. ನಾನು ಟೈಗರ್ ಮತ್ತು ಚಿನ್ನಿಯರ ಪರವಾಗಿ ಸಂಪಾದಕರನ್ನು ಕಾಣುತ್ತಿದ್ದೇನೆ. ಡಿಸೆಂಬರ್ ಇಪ್ಪತ್ತರ ಒಳಗೆ ನಿಮ್ಮ ಜಿಲ್ಲಾ ಪುಟದಲ್ಲಿ, ಇಪ್ಪತ್ತನಾಲ್ಕು ಮತ್ತು ಇಪ್ಪತ್ತೈದರ ರಾತ್ರಿ ಯಾವ ಯಾವ ಪಶುವೈದ್ಯರು, ಯಾವ ಚಿಕಿತ್ಸಾಲಯಗಳು ತುರ್ತಿಗೆ ಸಿಗುತ್ತವೆ ಎಂಬ ಒಂದು ಪಟ್ಟಿಯನ್ನು ಅವರವರ ಒಪ್ಪಿಗೆ ಪಡೆದು, ಫೋನ್ ನಂಬರಿನ ಸಹಿತ ಪ್ರಕಟಿಸಬೇಕೆಂದು ಕೇಳಿಕೊಳ್ಳುತ್ತೇನೆ. ಪಶುಸಂಗೋಪನಾ ಇಲಾಖೆಯ ಜಿಲ್ಲಾ ಕಚೇರಿಯೂ, ಪಶುವೈದ್ಯರೂ ತಮ್ಮೊಳಗೆ ಪಾಳಿ ಹಂಚಿಕೊಂಡು ಆ ಎರಡು ರಾತ್ರಿಗೆ ತಾಲ್ಲೂಕಿಗೊಬ್ಬರನ್ನಾದರೂ ಗೊತ್ತುಮಾಡಿದರೆ ಹಬ್ಬವಿಲ್ಲದ ವೈದ್ಯರು ಒಬ್ಬರೇ ಎಲ್ಲ ಹೊರೆ ಹೊರಬೇಕಾಗುವುದಿಲ್ಲ. ಅದೇ ಪಟ್ಟಿ ದೀಪಾವಳಿಯ ಮೂರು ರಾತ್ರಿಗಳಿಗೂ ಬಂದರೆ ಪಕ್ಕದ ಮನೆಯ ಅಕ್ಕನ ಎರಡು ಬೆಕ್ಕುಗಳಿಗೂ ಉಪಕಾರವಾಗುತ್ತದೆ. ಸಂಪಾದಕರ ಪುಟದಲ್ಲಿ ಜಾಗವಿದ್ದರೆ ಪಟ್ಟಿಯ ಕೆಳಗೆ, ಕೇಕ್, ಒಣದ್ರಾಕ್ಷಿ, ಚಾಕೊಲೇಟು, ಬೇಯಿಸಿದ ಮೂಳೆಗಳನ್ನು ನಾಯಿಗೆ ಕೊಡಬೇಡಿ ಎಂಬ ಒಂದು ಸಾಲನ್ನೂ ಸೇರಿಸಿ.

ಪಟ್ಟಿ ಬಂದ ದಿನದ ಪತ್ರಿಕೆಯನ್ನು ಕಿಡಿಯೊ ಮೇಜಿಗೆ ಹಾಸದೆ, ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕಿ, ಮಂಗಳೂರು